ಅಪರೂಪದ ಕಾಯಿಲೆಯ ಸಂಶೋಧನೆಗೆ ಸಂಸ್ಥೆ ಕಟ್ಟುತ್ತಿದ್ದೇವೆ. ಬೋರ್ಡಿನಲ್ಲಿ ಯಾರ್ಯಾರು ಇರಬೇಕು?

ಸೋದರಮಾವ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನನ್ನ ಅಕ್ಕನ ಮಗಳಿಗೆ ಸ್ಯಾನ್‌ಫಿಲಿಪ್ಪೊ ಕಾಯಿಲೆ ಇದೆ. ಎಂಪಿಎಸ್ 3 ಎಂದೂ ಕರೆಯುತ್ತಾರೆ. ದೇಹದಲ್ಲಿ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಅದರಿಂದ ಹೆಪರಾನ್ ಸಲ್ಫೇಟ್ ಎನ್ನುವ ವಸ್ತು ಒಡೆಯದೆ ಜೀವಕೋಶಗಳಲ್ಲೇ ಸೇರಿಕೊಳ್ಳುತ್ತದೆ. ಮಿದುಳಿಗೇ ಜಾಸ್ತಿ ಪೆಟ್ಟು. ಮೊದಲ ಒಂದೆರಡು ವರ್ಷ ಮಗು ಎಲ್ಲರಂತೆ ಇರುತ್ತದೆ. ಆಮೇಲೆ ಮಾತು ನಿಧಾನವಾಗುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ಒಂದು ಕಡೆ ಕೂರುವುದಿಲ್ಲ. ಕೊನೆಗೆ ಕಲಿತ ಮಾತೂ ಹೋಗುತ್ತದೆ. ಇದಕ್ಕೆಂದೇ ಒಪ್ಪಿಗೆ ಪಡೆದ ಔಷಧ ನಮ್ಮ ದೇಶದಲ್ಲಿ ಇಲ್ಲ.

ಕರ್ನಾಟಕ, ಆಂಧ್ರದ ಕೆಲವು ಕುಟುಂಬಗಳು ಸೇರಿ ಸಂಶೋಧನೆಗೆ ಹಣ ಕೊಡುವ ಒಂದು ಸಂಸ್ಥೆ ಮಾಡೋಣ ಎಂದುಕೊಂಡಿದ್ದೇವೆ. ನಾನು ಬ್ಯಾಂಕಿನವನು ಅಂತ ನಿಯಮಾವಳಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಈಗಿನ ಬೋರ್ಡ್ ಪಟ್ಟಿ ಹೀಗಿದೆ: ಇಬ್ಬರು ಪೋಷಕರು, ಮಕ್ಕಳನ್ನು ನೋಡುವ ಒಬ್ಬ ಡಾಕ್ಟರು, ಈ ಕಾಯಿಲೆ ಮೇಲೆ ಕೆಲಸ ಮಾಡಲು ಒಪ್ಪಿರುವ ಒಬ್ಬ ವಿಜ್ಞಾನಿ, ಮೊದಲ ದೊಡ್ಡ ದೇಣಿಗೆ ಕೊಡುವ ಉದ್ಯಮಿ, ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನ ತಮ್ಮ, ಒಬ್ಬ ನಿವೃತ್ತ ಅಧಿಕಾರಿ.

ಎರಡು ವಿಚಾರಕ್ಕೆ ಜಗಳ ಶುರುವಾಗಿದೆ. ಮೊದಲ ಅನುದಾನ ಹೋಗುವುದು ಅದೇ ವಿಜ್ಞಾನಿಯ ಲ್ಯಾಬಿಗೆ. ಅವರು ಬೋರ್ಡಿನಲ್ಲಿ ಇರಬಹುದಾ? ಎರಡನೆಯದು, ಉದ್ಯಮಿಗೆ ಅಧ್ಯಕ್ಷ ಸ್ಥಾನ ಬೇಕು, ಮಗನಿಗೆ ಒಂದು ಸೀಟೂ ಬೇಕು. ಅನುಭವ ಇದ್ದವರು ಹೇಳಿ.

ಲೆಕ್ಕಪತ್ರ
ಮೊದಲು ಇದು ಹೇಳಿ ಸರ್. ಟ್ರಸ್ಟಾ, ಸೊಸೈಟಿಯಾ, ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿಯಾ? ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಟ್ರಸ್ಟ್ ಆದರೆ ಡೀಡಿನಲ್ಲಿ ಬರೆದದ್ದೇ ಕಾನೂನು. ಅವಧಿ ಎಷ್ಟು, ತೆಗೆಯುವುದು ಹೇಗೆ ಅಂತ ಬರೆಯದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿಬಿಟ್ಟರೆ ಆ ಉದ್ಯಮಿ ಜೀವನಪೂರ್ತಿ ಟ್ರಸ್ಟಿ. ಆಮೇಲೆ ತೆಗೆಯಬೇಕು ಅಂದರೆ ಕೋರ್ಟಿಗೆ ಅಲೆಯಬೇಕು. ಸೊಸೈಟಿ ಆದರೆ ನಮ್ಮ ರಾಜ್ಯದ 1960ರ ಕಾಯ್ದೆ. ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ. ಚುನಾವಣೆ ಜೊತೆಗೆ ಗುಂಪುಗಾರಿಕೆಯೂ ಉಚಿತವಾಗಿ ಬರುತ್ತದೆ. ಸೆಕ್ಷನ್ 8 ಅಂದರೆ 2013ರ ಕಂಪನಿ ಕಾಯ್ದೆ. ಪ್ರೈವೇಟ್ ಆದರೆ 2 ನಿರ್ದೇಶಕರು ಸಾಕು. ಪ್ರತಿ ಹಣಕಾಸು ವರ್ಷದ ಮೊದಲ ಸಭೆಯಲ್ಲಿ ಎಲ್ಲ ನಿರ್ದೇಶಕರೂ ತಮಗೆ ಎಲ್ಲೆಲ್ಲಿ ಹಿತಾಸಕ್ತಿ ಇದೆ ಅಂತ ಎಂಬಿಪಿ-1 ಫಾರಂನಲ್ಲಿ ಬರೆದುಕೊಡಬೇಕು. ನಿಮ್ಮ ವಿಜ್ಞಾನಿ ವಿಚಾರಕ್ಕೆ ಅದು ಕೆಲಸಕ್ಕೆ ಬರುತ್ತದೆ.

ಖರ್ಚು, ಫೈಲಿಂಗ್ ತಲೆನೋವು ಸೆಕ್ಷನ್ 8ಕ್ಕೆ ಜಾಸ್ತಿ. ಆದರೂ ಸಂಶೋಧನೆಗೆ ದುಡ್ಡು ಹಂಚುವ ಕೆಲಸ ಅಂದರೆ ನಾನು ಅದನ್ನೇ ಹೇಳುತ್ತೇನೆ.

ಕಾಫಿ_ಕುಡುಕ
ನಿವೃತ್ತ ಅಧಿಕಾರಿ ಯಾಕೆ ಸ್ವಾಮಿ? ಲೆಟರ್‌ಹೆಡ್ಡಿಗಾ?

ಸೋದರಮಾವ
@ಕಾಫಿ_ಕುಡುಕ ಫೈಲು ಯಾವ ಟೇಬಲ್ ಮೇಲೆ ಮಲಗಿದೆ ಅಂತ ಕಂಡುಹಿಡಿಯೋಕೆ.

ಕಾಫಿ_ಕುಡುಕ
ಹಾಗಾದರೆ ಅವರೇ ಎಲ್ಲರಿಗಿಂತ ಮುಖ್ಯ. ಇಟ್ಟುಕೊಳ್ಳಿ.

ಲ್ಯಾಬ್_ಇಲಿ
ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದ್ದೇನೆ. ಹೆಸರು ಬೇಡ.

ವಿಜ್ಞಾನಿ ಬೋರ್ಡಿನಲ್ಲಿ ಇರಬಾರದು. ಅವರು ಕೆಟ್ಟವರು ಅಂತಲ್ಲ. ಹಣ ಕೊಡುವವರು, ಪಡೆಯುವವರು ಒಂದೇ ಮೇಜಿನ ಒಂದೇ ಬದಿಗೆ ಕೂರಬಾರದು, ಅಷ್ಟೇ. 'ದುಡ್ಡು ನನ್ನ ಜೇಬಿಗೆ ಬರುವುದಿಲ್ಲ, ಸಂಸ್ಥೆಗೆ ಹೋಗುತ್ತದೆ' ಅಂತ ಅವರು ಹೇಳುತ್ತಾರೆ. ನಿಜ. ಆದರೆ ಆ ದುಡ್ಡಿನಲ್ಲಿ ಅವರ ವಿದ್ಯಾರ್ಥಿಯ ಫೆಲೋಶಿಪ್ ನಡೆಯುತ್ತದೆ, ಅವರ ಪೇಪರ್ ಬರುತ್ತದೆ, ಅವರ ಬಡ್ತಿಗೆ ಅದು ಎಣಿಕೆಯಾಗುತ್ತದೆ. ಇದಕ್ಕಿಂತ ದೊಡ್ಡ ಲಾಭ ವಿಜ್ಞಾನಿಗೆ ಇನ್ಯಾವುದು?

ಬೇರೆಯದೇ ಒಂದು ವೈಜ್ಞಾನಿಕ ಸಲಹಾ ಸಮಿತಿ ಮಾಡಿ. ಅರ್ಜಿಗಳನ್ನು ಹೊರಗಿನ ಇಬ್ಬರು ಮೂವರಿಗೆ ಕಳಿಸಿ ಅಭಿಪ್ರಾಯ ತರಿಸಿ. ತನ್ನ ಅರ್ಜಿ ಚರ್ಚೆಗೆ ಬಂದಾಗ ಆ ವ್ಯಕ್ತಿ ಎದ್ದು ಕೋಣೆಯಿಂದ ಹೊರಗೆ ಹೋಗಬೇಕು. ಸುಮ್ಮನೆ 'ನಾನು ಮತ ಹಾಕುವುದಿಲ್ಲ' ಅಂತ ಅಲ್ಲೇ ಕೂತಿದ್ದರೆ ಬೇರೆಯವರು ಬಾಯಿ ಬಿಡುವುದಿಲ್ಲ. ಹೊರಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು.

ತೀರ್ಥಹಳ್ಳಿ_ಮಳೆ
@ಲ್ಯಾಬ್_ಇಲಿ ಹೇಳುವುದು ಪುಸ್ತಕದ ಪ್ರಕಾರ ಸರಿ. ಆದರೆ ಇಡೀ ದೇಶದಲ್ಲಿ ಆ ಕಾಯಿಲೆ ಗೊತ್ತಿರುವ ಲ್ಯಾಬ್ ಎಷ್ಟು ಮಾರಾಯ್ರೆ? ಇರುವ ಒಬ್ಬರನ್ನೂ ಹೊರಗಿಟ್ಟರೆ ಕೆಲಸ ಮಾಡುವವರು ಯಾರು? ಹೊರಗಿನ ವಿಮರ್ಶಕರನ್ನು ಎಲ್ಲಿಂದ ತರುವುದು?

ಲ್ಯಾಬ್_ಇಲಿ
ಹೊರಗಿಡಿ ಅಂತ ಯಾರು ಹೇಳಿದರು? ಬೋರ್ಡಿನಿಂದ ಹೊರಗೆ, ಕೆಲಸದಿಂದಲ್ಲ. ಈ ಕಾಯಿಲೆಯೇ ಗೊತ್ತಿರಬೇಕು ಅಂತಿಲ್ಲ. ಲೈಸೊಸೋಮ್ ಕಾಯಿಲೆ (ಜೀವಕೋಶದ ಕಸ ಒಡೆಯುವ ಭಾಗ ಕೆಡುವ ಇಂಥ ಕಾಯಿಲೆಗಳು) ಗೊತ್ತಿರುವವರು ಇದ್ದಾರೆ, ಜೀನ್ ಥೆರಪಿಗೆ ಜೀನ್ ಹೊತ್ತೊಯ್ಯುವ ವೈರಸ್ ಮಾಡುವವರು ಇದ್ದಾರೆ, ನರವಿಜ್ಞಾನದವರು ಇದ್ದಾರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಜೊತೆ ಸೇರಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಎ ಕಾಯಿಲೆಗೆ ಜೀನ್ ಥೆರಪಿಯನ್ನು 5 ರೋಗಿಗಳ ಮೇಲೆ ಪ್ರಯೋಗಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ಇಂಥವರಿಗೆ ಒಂದು ಇಮೇಲ್ ಹಾಕಿದರೆ ಅರ್ಜಿ ಓದಿ ಕೊಡುವವರು ಸಿಗುತ್ತಾರೆ.

ಇನ್ನೊಂದು ಮಾತು. ಬೋರ್ಡಿನಲ್ಲಿ ವಿಜ್ಞಾನ ಗೊತ್ತಿರುವ ಒಬ್ಬರಾದರೂ ಬೇಕು, ಆದರೆ ನಿಮ್ಮ ಬಳಿ ಎಂದೂ ಅನುದಾನ ಕೇಳದವರು. ಇಲ್ಲದಿದ್ದರೆ ಯಾರು ಚೆನ್ನಾಗಿ ಸ್ಲೈಡ್ ಮಾಡುತ್ತಾರೋ ಅವರಿಗೆ ದುಡ್ಡು ಹೋಗುತ್ತದೆ.

ಕುಡ್ಲದ_ಮೀನು
ಫ್ರಾನ್ಸಿನ ಎಎಫ್‌ಎಂ-ಟೆಲಿಥಾನ್ ಎನ್ನುವ ರೋಗಿಗಳ ಸಂಸ್ಥೆ ನೋಡಿ. 1958ರಲ್ಲಿ ಒಬ್ಬ ತಾಯಿ ಶುರು ಮಾಡಿದ್ದು, ಮಕ್ಕಳಿಗೆ ಸ್ನಾಯು ಕ್ಷಯದ ಕಾಯಿಲೆ ಇತ್ತು. ಇವತ್ತಿಗೂ ಅವರ ಆಡಳಿತ ಮಂಡಳಿಯಲ್ಲಿ ರೋಗಿಗಳು ಮತ್ತು ರೋಗಿಗಳ ಮನೆಯವರೇ. ವಿಜ್ಞಾನಿಗಳದ್ದು ಬೇರೆ ಸಮಿತಿ. ಅದು ಸಲಹೆ ಕೊಡುತ್ತದೆ, ತೀರ್ಮಾನ ಕುಟುಂಬದವರದು. 1987ರಿಂದ ಟಿವಿಯಲ್ಲಿ ಟೆಲಿಥಾನ್ ಮಾಡಿ ಹಣ ಎತ್ತುತ್ತಾರೆ. ಅದೇ ಹಣದಲ್ಲಿ 1990ರಲ್ಲಿ ಜೆನೆಥಾನ್ ಅಂತ ಸ್ವಂತ ಲ್ಯಾಬನ್ನೇ ಕಟ್ಟಿದರು. ಮನುಷ್ಯನ ಜೀನೋಮಿನ ಮೊದಲ ಮೊದಲ ನಕ್ಷೆಗಳು ಬಂದದ್ದು ಅಲ್ಲಿಂದ. ಅಪ್ಪ ಅಮ್ಮಂದಿರಿಗೆ ಏನು ಗೊತ್ತಾಗುತ್ತದೆ ಅನ್ನುವವರಿಗೆ ಇದನ್ನು ತೋರಿಸಿ.

ಗಾಂಧಿಬಜಾರ್
ಫ್ರಾನ್ಸಿನಲ್ಲಿ ಟಿವಿ ನೋಡಿ ಜನ ದುಡ್ಡು ಕೊಡುತ್ತಾರೆ. ಇಲ್ಲಿ ಒಬ್ಬ ಉದ್ಯಮಿಯನ್ನು ನಂಬಿ ಕೂತಿದ್ದೇವೆ. ಅಧ್ಯಕ್ಷ ಸ್ಥಾನ ಕೊಟ್ಟು ಕೆಲಸ ಮುಗಿಸಿ ಸರ್. ಹೆಸರು ಬೇಕು ಅನ್ನುವವರಿಗೆ ಹೆಸರು ಕೊಡುವುದರಲ್ಲಿ ಏನು ನಷ್ಟ?

ಲೆಕ್ಕಪತ್ರ
@ಗಾಂಧಿಬಜಾರ್ ಹೆಸರು ಕೊಡಿ, ಕಟ್ಟಡಕ್ಕೆ, ಫೆಲೋಶಿಪ್ಪಿಗೆ. ಚೆಕ್ ಸಹಿ ಅಧಿಕಾರ ಕೊಡಬೇಡಿ. ಅಪ್ಪ, ಮಗ ಇಬ್ಬರೂ ಬೋರ್ಡಿನಲ್ಲಿದ್ದು, ನಾಳೆ ಅವರ ಕಂಪನಿಯ ಜಾಗವನ್ನೇ ಆಫೀಸಿಗೆ ಜಾಸ್ತಿ ಬಾಡಿಗೆಗೆ ತೆಗೆದುಕೊಂಡರು ಅಂತ ಇಟ್ಟುಕೊಳ್ಳಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 13ನೇ ಸೆಕ್ಷನ್ ಇದ್ದದ್ದೇ ಇದಕ್ಕೆ. ಟ್ರಸ್ಟಿಗೆ, ದೊಡ್ಡ ದಾನಿಗೆ, ಅವರ ನೆಂಟರಿಗೆ ಸಂಸ್ಥೆಯ ಹಣದಿಂದ ಅನುಕೂಲ ಆದರೆ ತೆರಿಗೆ ವಿನಾಯಿತಿಗೇ ಕುತ್ತು. ಈಗ ಹೊಸ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್ ಬದಲಾಗಿದೆ, ಸಾರ ಅದೇ. 80ಜಿ, ಅಂದರೆ ದಾನಿಗೆ ಸಿಗುವ ತೆರಿಗೆ ರಿಯಾಯಿತಿ, ಹೋದರೆ ಆ ಉದ್ಯಮಿಯೇ ಮೊದಲು ಓಡುತ್ತಾರೆ.

ಗಾಂಧಿಬಜಾರ್
ಬಾಡಿಗೆ ಎಲ್ಲಿಂದ ಬಂತು ಸ್ವಾಮಿ? ಪಾಪ, ದುಡ್ಡು ಕೊಡುವವರನ್ನು ಮೊದಲೇ ಕಳ್ಳ ಅಂತೀರಲ್ಲ.

ಲೆಕ್ಕಪತ್ರ
ಕಳ್ಳ ಅನ್ನಲಿಲ್ಲ. ಬಾಗಿಲು ಹಾಕಿಡಿ ಅಂದೆ.

ಮಂಡ್ಯದ_ತಾಯಿ
ಸೋದರಮಾವ ಅಣ್ಣ, ಒಂದು ಪ್ರಶ್ನೆ. ನಿಮ್ಮ ಅಕ್ಕನ ಮಗಳದ್ದು ಎಯಾ, ಬಿಯಾ?

ಸೋದರಮಾವ
ಎ, ಅಕ್ಕ. 3ಎ.

ಮಂಡ್ಯದ_ತಾಯಿ
ಬೋರ್ಡಿನಲ್ಲಿರುವ ಇನ್ನೊಬ್ಬ ಪೋಷಕರದ್ದು?

ಸೋದರಮಾವ
ಅವರದ್ದೂ ಎ.

ಮಂಡ್ಯದ_ತಾಯಿ
ಅದೇ ಕೇಳಿದ್ದು. ನನ್ನ ಮಗ 3ಬಿ. ಬೇರೆಯವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಕಾಯಿಲೆ. ಒಳಗೆ ನಾಲ್ಕು ಬಗೆ, ನಾಲ್ಕು ಬೇರೆ ಬೇರೆ ಜೀನ್. 3ಎಗೆ ಎಸ್‌ಜಿಎಸ್‌ಎಚ್, 3ಬಿಗೆ ಎನ್‌ಎಜಿಎಲ್‌ಯು. ಎಗೆ ಮಾಡಿದ ಜೀನ್ ಥೆರಪಿ ಬಿ ಮಕ್ಕಳಿಗೆ ಉಪಯೋಗ ಇಲ್ಲ.

ಇಲ್ಲಿ ಎಲ್ಲರೂ ವಿಜ್ಞಾನಿಗೆ ಸ್ವಾರ್ಥ ಇದೆ, ಉದ್ಯಮಿಗೆ ಸ್ವಾರ್ಥ ಇದೆ ಅಂತ ಬರೆಯುತ್ತಿದ್ದೀರಿ. ನಮಗೆ ಇಲ್ವಾ? ನಮಗಿರುವಷ್ಟು ಯಾರಿಗೂ ಇಲ್ಲ. ನಾನು ಬೋರ್ಡಿನಲ್ಲಿ ಕೂತರೆ ನನ್ನ ಮಗನ ಜೀನಿಗೇ ಕೈ ಎತ್ತುತ್ತೇನೆ, ಸುಳ್ಳು ಯಾಕೆ ಹೇಳಲಿ. ನೀವು ಕೂತರೆ ನಿಮ್ಮ ಮಗುವಿನದಕ್ಕೆ. ಎ ಕಡೆಯವರೇ ಇಬ್ಬರೂ ಇದ್ದು, ಮೊದಲ ಅನುದಾನ ಎ ಲ್ಯಾಬಿಗೆ ಹೋದರೆ, ನಮ್ಮಿಂದಲೂ ಚಂದಾ ಎತ್ತಿ ನಮ್ಮ ಮಕ್ಕಳಿಗೆ ಏನೂ ಇಲ್ಲ ಅಂತ ಆಗುತ್ತದೆ.

ವಯಸ್ಸಿನ ವಿಚಾರವೂ ಇದೆ. ಜೀನ್ ಥೆರಪಿ ಪ್ರಯೋಗಗಳಿಗೆ ಸಾಮಾನ್ಯವಾಗಿ ಚಿಕ್ಕ ಮಕ್ಕಳನ್ನೇ ತೆಗೆದುಕೊಳ್ಳುತ್ತಾರೆ, ಮಿದುಳು ಇನ್ನೂ ಉಳಿದಿರುವಾಗ. ನನ್ನ ಮಗ ಆ ಹಂತ ದಾಟಿದ್ದಾನೆ. ನನಗೆ ಬೇಕಾದದ್ದು ಅವನು ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡುವ ಹಾಗೆ ಮಾಡುವ ಸಂಶೋಧನೆ. ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳದ ಹಾಗೆ ಮಾಡುವುದು. ಫಿಟ್ಸ್ ಕಡಿಮೆ ಮಾಡುವುದು. ಇದಕ್ಕೆ ಯಾರೂ ದೊಡ್ಡ ವೇದಿಕೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ದಾನಿಗೂ ಇಷ್ಟವಾಗುವುದಿಲ್ಲ. ಬೋರ್ಡಿನಲ್ಲಿ ದೊಡ್ಡ ಮಕ್ಕಳ ತಂದೆ ತಾಯಿ ಒಬ್ಬರು ಇಲ್ಲದಿದ್ದರೆ ಈ ಮಾತು ಅಲ್ಲಿ ಹುಟ್ಟುವುದೇ ಇಲ್ಲ.

ಲ್ಯಾಬ್_ಇಲಿ
ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಮಾತು. ಮೇಡಂ, ನೀವೇ ಬೋರ್ಡಿಗೆ ಬನ್ನಿ.

ಮಂಡ್ಯದ_ತಾಯಿ
ಮಗನನ್ನು ಯಾರು ನೋಡಿಕೊಳ್ಳುತ್ತಾರೆ? ಸಭೆ ಬೆಂಗಳೂರಿನಲ್ಲಿ, ಅದೂ ಪಂಚತಾರಾ ಹೋಟೆಲಿನಲ್ಲಿ ಇಡುತ್ತಾರೆ. ವಿಡಿಯೊದಲ್ಲಿ, ರಾತ್ರಿ ಒಂಬತ್ತರ ನಂತರ ಇಟ್ಟರೆ ಯೋಚನೆ ಮಾಡುತ್ತೇನೆ.

ಲೆಕ್ಕಪತ್ರ
ಕಂಪನಿ ಆದರೆ ವಿಡಿಯೊ ಸಭೆಗೆ ಕಾಯ್ದೆಯಲ್ಲೇ ಅವಕಾಶ ಇದೆ. ಸೆಕ್ಷನ್ 8ಕ್ಕೆ ಆರು ತಿಂಗಳಿಗೆ ಒಂದು ಬೋರ್ಡ್ ಸಭೆ ಸಾಕು. ಟ್ರಸ್ಟ್ ಆದರೆ ಡೀಡಿನಲ್ಲಿ ಬರೆದುಕೊಳ್ಳಿ.

ಸಾಗರದ_ಹುಡುಗ
ವಿಷಯಾಂತರ ಅನ್ನಿಸಿದರೂ ಬರೆಯುತ್ತೇನೆ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಊರಿನ ಹೆಸರೇ ಒಂದು ಕಾಯಿಲೆಗೆ ಇದೆ, ಎಷ್ಟು ಜನರಿಗೆ ಗೊತ್ತು? ಸೊಂಟ, ಮಂಡಿ ಕೀಲು ಸವೆದು ನಡೆಯಲು ಆಗುವುದಿಲ್ಲ, ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. 1970ರ ದಶಕದಲ್ಲಿ ಹೊರ ಜಗತ್ತಿಗೆ ಗೊತ್ತಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯ ದಲಿತ ಕುಟುಂಬಗಳಲ್ಲೇ ಹೆಚ್ಚು. ಮೊದಲು ಗದ್ದೆಯ ಏಡಿ ತಿಂದು, ಅದರಲ್ಲಿದ್ದ ಕೀಟನಾಶಕದಿಂದ ಬಂತು ಅಂದರು. ಅಪೌಷ್ಟಿಕತೆ ಅಂದರು. ಆಮೇಲೆ ಅಧ್ಯಯನ ಮಾಡಿ ಇದು ವಂಶವಾಹಿಯಿಂದ ಬರುವ ಕಾಯಿಲೆ ಅಂತ ಹೇಳಿದರು.

ನನ್ನ ಪ್ರಶ್ನೆ ಇಷ್ಟೇ. ಆ ಕಾಯಿಲೆಗೆ ಒಂದು ಸಂಸ್ಥೆ ಮಾಡಿದರೆ ಬೋರ್ಡಿನಲ್ಲಿ ಯಾರು ಕೂರುತ್ತಾರೆ? ಕೂಲಿ ಬಿಟ್ಟು ಬರುವವರಾ? ಅವರ ಕಡೆಯವರು ಒಬ್ಬರೂ ಇಲ್ಲದೆ, ಶಿವಮೊಗ್ಗದ ಡಾಕ್ಟರು, ಬೆಂಗಳೂರಿನ ಪ್ರೊಫೆಸರು, ದೆಹಲಿಯ ಅಧಿಕಾರಿ ಸೇರಿ ಮಾಡುವ ಬೋರ್ಡಿಗೆ ಏನು ಅರ್ಥ? ರಕ್ತ ತೆಗೆದುಕೊಂಡು ಹೋಗುವವರು ಬರುತ್ತಾರೆ. ಏನು ಸಿಕ್ಕಿತು ಅಂತ ಹೇಳಲು ವಾಪಸ್ ಬರುವವರು ಕಡಿಮೆ.

ಕಾಫಿ_ಕುಡುಕ
ನಾನು ಶಿವಮೊಗ್ಗದವನೇ. ಇಷ್ಟು ವಿವರ ಗೊತ್ತಿರಲಿಲ್ಲ.

ತೀರ್ಥಹಳ್ಳಿ_ಮಳೆ
ಏಡಿ ಕಥೆ ಇವತ್ತಿಗೂ ನಮ್ಮ ಕಡೆ ನಂಬುವವರಿದ್ದಾರೆ. ನಮ್ಮಜ್ಜಿ ಅದಕ್ಕೇ ಏಡಿ ಸಾರು ಬಿಟ್ಟಿದ್ದರು.

ಕುಡ್ಲದ_ಮೀನು
ಏಡಿ ಸಾರು ಬಿಡುವುದಾ? ಆಗದ ಮಾತು ಮಾರಾಯ್ರೆ.

ಸಾಗರದ_ಹುಡುಗ
ಏಡಿ ಬಿಡಿ, ಪ್ರಶ್ನೆಗೆ ಬನ್ನಿ.

ಓದುಗ_77
ರಕ್ತದ ಮಾತು ಬಂತಲ್ಲ, ಎರಡು ಕಥೆ ಹೇಳುತ್ತೇನೆ. ಇದು ಬೋರ್ಡಿನ ಕೆಲಸವೇ.

ಅಮೆರಿಕದಲ್ಲಿ ಕ್ಯಾನವನ್ ಅಂತ ಮಕ್ಕಳ ಮಿದುಳಿನ ಕಾಯಿಲೆ. 1987ರಲ್ಲಿ ಒಂದು ಕುಟುಂಬ ಒಬ್ಬ ಸಂಶೋಧಕರ ಬಳಿ ಹೋಗಿ, ಜೀನ್ ಹುಡುಕಿ ಎಂದು ಕೇಳಿತು. ಬೇರೆ ಕುಟುಂಬಗಳನ್ನೂ ಸೇರಿಸಿ ಮಕ್ಕಳ ರಕ್ತ, ಅಂಗಾಂಶ ಕೊಟ್ಟರು, ದುಡ್ಡೂ ಕೊಟ್ಟರು. 1993ರಲ್ಲಿ ಜೀನ್ ಸಿಕ್ಕಿತು. 1997ರಲ್ಲಿ ಆ ಸಂಶೋಧಕರಿದ್ದ ಮಯಾಮಿಯ ಮಕ್ಕಳ ಆಸ್ಪತ್ರೆಗೆ ಪೇಟೆಂಟ್ ಸಿಕ್ಕಿತು. ಪರೀಕ್ಷೆಗೆ ಶುಲ್ಕ ಕೇಳಲು ಶುರು ಮಾಡಿದರು. ಕುಟುಂಬಗಳು ಕೋರ್ಟಿಗೆ ಹೋದವು. 2003ರಲ್ಲಿ ನ್ಯಾಯಾಧೀಶರು ಹೆಚ್ಚಿನ ವಾದಗಳನ್ನು ಒಪ್ಪಲಿಲ್ಲ, ಅನ್ಯಾಯವಾಗಿ ಲಾಭ ಮಾಡಿಕೊಂಡರು ಎನ್ನುವ ಒಂದನ್ನು ಮಾತ್ರ ಮುಂದುವರಿಸಲು ಬಿಟ್ಟರು. ಆಮೇಲೆ ರಾಜಿಯಾಯಿತು. ಮೊದಲೇ ಒಂದು ಒಪ್ಪಂದ ಬರೆದುಕೊಂಡಿದ್ದರೆ ಇದೆಲ್ಲ ಬೇಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಇನ್ನೊಂದು ಕಡೆ ಪಿಎಕ್ಸ್‌ಇ, ಚರ್ಮ, ಕಣ್ಣು, ರಕ್ತನಾಳ ಕೆಡಿಸುವ ಆನುವಂಶಿಕ ಕಾಯಿಲೆ. ಶರನ್ ಟೆರ್ರಿ ಮತ್ತು ಪ್ಯಾಟ್ರಿಕ್ ಟೆರ್ರಿ ದಂಪತಿಯ ಇಬ್ಬರು ಮಕ್ಕಳಿಗೆ 1994ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಒಂದು ಲ್ಯಾಬಿನವರು ರಕ್ತ ತೆಗೆದುಕೊಂಡು ಹೋದರು. ಕೆಲವೇ ದಿನದಲ್ಲಿ ಇನ್ನೊಂದು ಲ್ಯಾಬಿನವರು ಬಂದರು. ಅವರ ಹತ್ತಿರವೇ ಪಡೆಯಿರಿ ಅಂದರೆ ಇಬ್ಬರೂ ಹಂಚಿಕೊಳ್ಳಲು ತಯಾರಿಲ್ಲ. ಇವರು 1995ರಲ್ಲಿ ತಮ್ಮದೇ ಸಂಸ್ಥೆ ಮಾಡಿ, ಮಾದರಿಗಳ ಭಂಡಾರವನ್ನು ಸಂಸ್ಥೆಯ ಕೈಯಲ್ಲೇ ಇಟ್ಟುಕೊಂಡರು. ಬೇಕಿದ್ದವರು ನಮ್ಮ ಷರತ್ತಿಗೆ ಸಹಿ ಹಾಕಿ ತೆಗೆದುಕೊಳ್ಳಿ ಅಂದರು. 2000ದಲ್ಲಿ ಜೀನ್ ಸಿಕ್ಕಿತು. ಪೇಟೆಂಟಿನಲ್ಲಿ ಶರನ್ ಟೆರ್ರಿ ಹೆಸರೂ ಇದೆ. ಆಕೆ ವಿಜ್ಞಾನ ಓದಿದವರಲ್ಲ.

ಸೋದರಮಾವ ಸರ್, ನಿಮ್ಮ ನಿಯಮಾವಳಿಯಲ್ಲಿ 'ಮಾದರಿ ಮತ್ತು ಮಾಹಿತಿ' ಅಂತ ಒಂದು ಅಧ್ಯಾಯ ಇದೆಯಾ?

ಸೋದರಮಾವ
ಇಲ್ಲ. ಸಭೆಗೆ ಬರುವ ಬಸ್ ಚಾರ್ಜ್ ಬಗ್ಗೆ ಒಂದೂವರೆ ಪುಟ ಇದೆ.

ಲ್ಯಾಬ್_ಇಲಿ
ನಮ್ಮ ಕಡೆಯಿಂದ ಒಂದು ತಿದ್ದುಪಡಿ. ಮಾದರಿಗಳು ಸಂಸ್ಥೆಯ ಬಳಿಯೇ ಇರಬೇಕು ಅನ್ನುವುದು ಕೇಳಲು ಚೆನ್ನ. ಮೈನಸ್ 80 ಡಿಗ್ರಿ ಫ್ರೀಜರ್ ಯಾರು ಇಡುತ್ತಾರೆ? ಕರೆಂಟ್ ಹೋದರೆ? ಮಾದರಿ ಆಸ್ಪತ್ರೆಯಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಇರಲಿ, ಯಾರಿಗೆ ಕೊಡಬೇಕು ಅನ್ನುವ ಸಮಿತಿಯಲ್ಲಿ ನಿಮ್ಮ ಮತ ಇರಲಿ. ನೈತಿಕ ಸಮಿತಿಯ ಒಪ್ಪಿಗೆ ಹೇಗೂ ಬೇಕೇ ಬೇಕು.

ಜೆರ್ಸಿ_ಕನ್ನಡಿಗ
ನಾನು ಆ ಭಾವನ ತಮ್ಮ ಅಲ್ಲ, ಬೇರೆ ಜೆರ್ಸಿಯವನು. 😀 ಇಲ್ಲಿನ ದೊಡ್ಡ ಉದಾಹರಣೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ ಕೆಡಿಸುವ ಆನುವಂಶಿಕ ಕಾಯಿಲೆ) ಫೌಂಡೇಶನ್. 1955ರಲ್ಲಿ ಪೋಷಕರು ಕಟ್ಟಿದ್ದು. ಅವರ ಬೋರ್ಡು ಲ್ಯಾಬಿಗೆ ದಾನ ಕೊಟ್ಟು ಸುಮ್ಮನಾಗಲಿಲ್ಲ. ಔಷಧ ಕಂಪನಿಗೇ ಹಣ ಹಾಕಿ, ಔಷಧ ಬಂದರೆ ಪಾಲು ಬೇಕು ಅಂತ ಬರೆಸಿಕೊಂಡರು. 2012ರಲ್ಲಿ ಕ್ಯಾಲಿಡೆಕೊ ಎನ್ನುವ ಔಷಧ ಬಂತು. 2014ರಲ್ಲಿ ಆ ಪಾಲನ್ನು 330 ಕೋಟಿ ಡಾಲರಿಗೆ ಮಾರಿ, ಹಣವನ್ನು ಮತ್ತೆ ಕಾಯಿಲೆಗೇ ಬಳಸುತ್ತಿದ್ದಾರೆ. ಬೋರ್ಡಿನಲ್ಲಿ ವ್ಯವಹಾರ ಗೊತ್ತಿದ್ದವರು ಇದ್ದರೆ ಹೀಗೆ. ಆದ್ದರಿಂದ ಉದ್ಯಮಿಗಳನ್ನು ತೀರಾ ಬೈಯಬೇಡಿ.

ಗಾಂಧಿಬಜಾರ್
ನೋಡಿ, ನಾನು ಹೇಳಲಿಲ್ವಾ!

ಓದುಗ_77
@ಜೆರ್ಸಿ_ಕನ್ನಡಿಗ ಕಥೆಯ ಇನ್ನರ್ಧ ಬಿಟ್ಟಿರಿ. ಆ ಔಷಧ ಬಂದಾಗ ಅದರ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಔಷಧ ದುಬಾರಿ ಆದಷ್ಟೂ ಸಂಸ್ಥೆಯ ಪಾಲಿನ ಬೆಲೆ ಏರುತ್ತದೆ. ಬೆಲೆ ಇಳಿಸಿ ಅಂತ ಕೇಳಬೇಕಾದವರೇ ಏರಿದರೆ ಲಾಭ ಪಡೆಯುವ ಜಾಗದಲ್ಲಿ ಕೂತರು ಅಂತ ಅಲ್ಲೇ ಬಹಳ ಜನ ಕೇಳಿದರು.

ಜೆರ್ಸಿ_ಕನ್ನಡಿಗ
ದುಬಾರಿ ಔಷಧ ಇರುವುದು ಮೇಲಾ, ಔಷಧವೇ ಇಲ್ಲದಿರುವುದು ಮೇಲಾ? ಆ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಓದುಗ_77
ಯಾವ ದೇಶದ ಮಕ್ಕಳು ಅಂತಲೂ ಹೇಳಿ.

ಹರಟೆಮಲ್ಲ
ನಮ್ಮ ಸರ್ಕಾರ 50 ಲಕ್ಷ ಕೊಡುತ್ತದಲ್ಲ? ಆಮೇಲೆ ಈ ಸಂಸ್ಥೆ ಗಿಂಸ್ಥೆ ಯಾಕೆ?

ಮಂಡ್ಯದ_ತಾಯಿ
@ಹರಟೆಮಲ್ಲ ಅದು ಚಿಕಿತ್ಸೆಗೆ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ ಒಬ್ಬ ರೋಗಿಗೆ 20 ಲಕ್ಷದವರೆಗೆ ಇತ್ತು, 2022ರಲ್ಲಿ 50 ಲಕ್ಷ ಮಾಡಿದರು. ಗುರುತಿಸಿದ ಕೇಂದ್ರಗಳ ಮೂಲಕವೇ ಹೋಗಬೇಕು, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಎಂಪಿಎಸ್ 1, 2ಕ್ಕೆ ಕಿಣ್ವದ ಡ್ರಿಪ್ ಇದೆ, ಅವರಿಗೆ ಆ ಹಣ ಒಂದಷ್ಟು ಕಾಲ ಆಗುತ್ತದೆ, ಆಮೇಲೆ ಖಾಲಿ. ನಮ್ಮ 3ಕ್ಕೆ ಕೊಡಲು ಔಷಧವೇ ಇಲ್ಲ. 50 ಲಕ್ಷದಲ್ಲಿ ಏನು ಕೊಳ್ಳಲಿ?

ಹರಟೆಮಲ್ಲ
ಗೊತ್ತಿರಲಿಲ್ಲ ಅಕ್ಕ. ಹಾಗಾದರೆ ಸಂಸ್ಥೆ ಬೇಕೇ ಬೇಕು.

ಲೆಕ್ಕಪತ್ರ
ಜೆರ್ಸಿ ಮಾತು ಬಂತು ಅಂತ ನೆನಪಾಯಿತು. ಭಾವನ ತಮ್ಮನನ್ನು ಬೋರ್ಡಿಗೆ ಹಾಕುವ ಮೊದಲು ಎಫ್‌ಸಿಆರ್‌ಎ ಯೋಚನೆ ಮಾಡಿ. ಆ ಕಾಯ್ದೆಯಲ್ಲಿ ವಿದೇಶಿ ದೇಣಿಗೆ ಪಡೆಯಲು ನೋಂದಣಿ ಬೇಕು. ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ಮೂಲ ಕೆಲಸಕ್ಕೆ ಖರ್ಚಾಗಿರಬೇಕು. ಹಣ ಬರುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ಖರ್ಚು ಶೇ 20 ದಾಟಬಾರದು.

ನಿಮಗೆ ನಿಜವಾದ ಪೆಟ್ಟು ಬೇರೆ ಇದೆ. 2020ರ ತಿದ್ದುಪಡಿ ಪ್ರಕಾರ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಿಮ್ಮ ಕೆಲಸವೇ ಲ್ಯಾಬುಗಳಿಗೆ ದಾಟಿಸುವುದು!

ಜೆರ್ಸಿ_ಕನ್ನಡಿಗ
ಅನುದಾನ ಅನ್ನದೆ, ಇಂಥ ಕೆಲಸ ಮಾಡಿಕೊಡಿ ಅಂತ ಗುತ್ತಿಗೆ ಮಾಡಿಕೊಂಡರೆ?

ಲೆಕ್ಕಪತ್ರ
ಹಾಗೆ ಮಾಡುವವರಿದ್ದಾರೆ. ಕಾಗದದಲ್ಲಿ ಗುತ್ತಿಗೆ, ನಡೆಯುವುದು ಅನುದಾನ ಅಂತಾದರೆ ಸಿಕ್ಕಿಬೀಳುತ್ತೀರಿ. ಮೊದಲ ಮೂರು ವರ್ಷ ವಿದೇಶಿ ಹಣದ ಕನಸೇ ಬೇಡ. ಇಲ್ಲಿನ ದಾನಿಗಳ ಹಣಕ್ಕೇ ಹೋಗಿ. ಕಂಪನಿಗಳ ಸಿಎಸ್‌ಆರ್ ಹಣಕ್ಕೂ (ಲಾಭದಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕಾದ ಪಾಲು) ಸಾಮಾನ್ಯವಾಗಿ 3 ವರ್ಷದ ಕೆಲಸದ ದಾಖಲೆ ಬೇಕು, ಅದು ಆದ ಮೇಲೆ ಸಿಎಸ್‌ಆರ್-1 ನೋಂದಣಿ ಮಾಡಿಸಿ. ಭಾವನ ತಮ್ಮ ಸಲಹೆಗಾರರಾಗಿ ಇರಲಿ, ಬೋರ್ಡಿನಲ್ಲಿ ಬೇಡ.

ಹುಬ್ಬಳ್ಳಿ_ಮೇಷ್ಟ್ರು
ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಒಂದು ವಿಷಯ ಯಾರೂ ಎತ್ತಲಿಲ್ಲ, ಎತ್ತುವುದು ಕಷ್ಟವೂ ಹೌದು.

ನಾನು ಬೇರೆ ಒಂದು ಕಾಯಿಲೆಯ ಸಂಸ್ಥೆಯಲ್ಲಿ ಸಮಿತಿ ಸದಸ್ಯನಾಗಿದ್ದೆ. ಮಗ ತೀರಿಕೊಂಡ. ತಿಂಗಳು ಕಳೆಯುವುದರೊಳಗೆ ನನ್ನನ್ನು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದರು. ಕೇಳಿದರೆ, 'ಸರ್ರಿಗೆ ನೋವಾಗಬಾರದು ಅಂತ ಮಾಡಿದೆವು ರೀ' ಅಂದರು. ಮುಂದಿನ ಸಭೆಗೆ ಕರೆ ಬರಲಿಲ್ಲ. ನಿಯಮದಲ್ಲಿ 'ರೋಗಿಯ ಪೋಷಕರು' ಅಂತ ಇತ್ತು, ಈಗ ನೀವು ಆ ವರ್ಗದಲ್ಲಿ ಬರುವುದಿಲ್ಲ ಅಂತ ಆಮೇಲೆ ಒಬ್ಬರು ಹೇಳಿದರು.

ಯಾವ ಮಾತ್ರೆ ಎಷ್ಟು ಕೊಟ್ಟರೆ ಏನಾಗುತ್ತದೆ, ಯಾವ ಆಸ್ಪತ್ರೆಯಲ್ಲಿ ಯಾರನ್ನು ಹಿಡಿಯಬೇಕು, ಇಷ್ಟೆಲ್ಲ ಗೊತ್ತಿದ್ದವನು ನಾನು. ಮತ್ತೆ, ಮಂಡ್ಯದ ತಂಗಿ ಹೇಳಿದ ಸ್ವಾರ್ಥ ಇದೆಯಲ್ಲ, ಅದೂ ನನಗೆ ಉಳಿದಿರಲಿಲ್ಲ. ಯಾವ ಮಗುವಿನ ಕಡೆಗೂ ವಾಲದೆ ತೀರ್ಮಾನ ಮಾಡಬಲ್ಲವನನ್ನೇ ಹೊರಗೆ ಕಳಿಸಿದರು. ನಿಯಮ ಬರೆಯುವಾಗ 'ಪೋಷಕರಾಗಿದ್ದವರು' ಅಂತ ಒಂದು ಪದ ಸೇರಿಸಿ ಸರ್. ಇರುವುದು, ಬಿಡುವುದು ಅವರಿಷ್ಟ. ಕೇಳಿ ಮಾಡಿ.

ಸೋದರಮಾವ
ಸರ್, ಸೇರಿಸುತ್ತೇನೆ. ಇವತ್ತೇ.

ಮಂಡ್ಯದ_ತಾಯಿ
ಮೇಷ್ಟ್ರೇ, ಹಾಗೆ ಮಾಡಿದ್ದು ತಪ್ಪು. ನಮ್ಮ ಗುಂಪಿನಲ್ಲೂ ಇಬ್ಬರು ಹಾಗೇ ಕಾಣೆಯಾದರು. ಅವರಾಗಿಯೇ ಹೋದರು ಅಂದುಕೊಂಡಿದ್ದೆವು. ವಿಚಾರಿಸುತ್ತೇನೆ.

ತೀರ್ಥಹಳ್ಳಿ_ಮಳೆ
ಆದರೂ ಯಾರಿಗೇ ಆಗಲಿ ಕಾಲಮಿತಿ ಇರಬೇಕು. ಸ್ಥಾಪಕರು ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತ ಸಂಸ್ಥೆಗಳು ಬೇಕಾದಷ್ಟಿವೆ. ಮೂರು ವರ್ಷದ ಎರಡು ಅವಧಿ, ಆಮೇಲೆ ಒಂದು ಬಿಡುವು. ಎಲ್ಲರೂ ಒಟ್ಟಿಗೆ ನಿವೃತ್ತಿ ಆಗದ ಹಾಗೆ ಹಂತ ಹಂತವಾಗಿ.

ಗಾಂಧಿಬಜಾರ್
ಆರು ವರ್ಷಕ್ಕೆ ಒಂದು ಔಷಧ ಬರುವುದಿಲ್ಲ. ಕೆಲಸ ಗೊತ್ತಾಗುವ ಹೊತ್ತಿಗೆ ಮನೆಗೆ ಕಳಿಸುತ್ತೀರಿ.

ತೀರ್ಥಹಳ್ಳಿ_ಮಳೆ
ಮನೆಗೆ ಕಳಿಸುವುದಲ್ಲ, ಸಲಹಾ ಸಮಿತಿಗೆ. ಕುರ್ಚಿ ಮಾತ್ರ ಬಿಡಬೇಕು. ಅದಕ್ಕೇ ಯಾಕೆ ಇಷ್ಟು ಸಂಕಟ?

ಸೋದರಮಾವ
ನಿನ್ನೆ ರಾತ್ರಿ ಕುಟುಂಬಗಳೆಲ್ಲ ವಿಡಿಯೊದಲ್ಲಿ ಸೇರಿದ್ದೆವು. ಇಲ್ಲಿನ ಚರ್ಚೆಯನ್ನು ಓದಿ ಹೇಳಿದೆ. ಸದ್ಯಕ್ಕೆ ಆಗಿರುವುದು ಇಷ್ಟು.

ಸೆಕ್ಷನ್ 8 ಕಂಪನಿ. ಬೋರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬದವರು, ಅದರಲ್ಲಿ ಎ, ಬಿ ಎರಡೂ ಕಡೆಯವರು, ಒಬ್ಬರು ದೊಡ್ಡ ಮಕ್ಕಳ ಪೋಷಕರು ಅಥವಾ ಪೋಷಕರಾಗಿದ್ದವರು. ವಿಜ್ಞಾನಿಗೆ ಫೋನ್ ಮಾಡಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. 'ಸದ್ಯ, ಸಭೆ ತಪ್ಪಿತು' ಅಂದರು. ಅನುದಾನವನ್ನು ಹೊರಗಿನವರು ಓದಿ ಹೇಳಿದ ಮೇಲೇ ಕೊಡುವುದು. ಮಾದರಿ, ಮಾಹಿತಿ ಒಪ್ಪಂದ ಇಲ್ಲದೆ ಒಂದು ಹನಿ ರಕ್ತವೂ ಹೋಗುವುದಿಲ್ಲ.

ಅನುದಾನದಲ್ಲಿ ಇಷ್ಟು ಪಾಲು ಆರೈಕೆಯ ಸಂಶೋಧನೆಗೆ ಅಂತ ಮೀಸಲಿಡಬೇಕು ಎನ್ನುವುದು ಮಾತ್ರ ಒಪ್ಪಿತವಾಗಲಿಲ್ಲ. ಚಿಕ್ಕ ಮಕ್ಕಳ ತಂದೆಯೊಬ್ಬರು, 'ನನ್ನ ಹತ್ತಿರ ಸಮಯ ಇಲ್ಲ, ಎಲ್ಲವೂ ಜೀನ್ ಥೆರಪಿಗೆ ಹೋಗಲಿ' ಅಂದರು. ಅವರಿಗೂ ಏನು ಹೇಳಲಿ?

ಉದ್ಯಮಿ ಮಗನ ಸೀಟು ಬಿಟ್ಟರು. ಅಧ್ಯಕ್ಷ ಸ್ಥಾನ ಬಿಟ್ಟಿಲ್ಲ.

ಮಂಡ್ಯದ_ತಾಯಿ
ಆ ತಂದೆಯ ನಂಬರ್ ನನಗೆ ಕೊಡಿ ಅಣ್ಣ. ಜಗಳಕ್ಕಲ್ಲ. ಅವರ ಮಗು ದೊಡ್ಡದಾದಾಗ ಬೇಕಾಗುವ ಸಂಶೋಧನೆಯನ್ನೇ ನಾನು ಕೇಳುತ್ತಿರುವುದು ಅಂತ ಹೇಳಬೇಕು.

ಲೆಕ್ಕಪತ್ರ
ಅಧ್ಯಕ್ಷರು ಸಭೆ ನಡೆಸಲಿ. ಮತ ಸಮ ಬಂದಾಗ ಹೆಚ್ಚುವರಿ ಮತ ಇಲ್ಲ, ಒಬ್ಬರೇ ಚೆಕ್ ಸಹಿ ಮಾಡುವಂತಿಲ್ಲ ಅಂತ ಬರೆಯಿರಿ. ಆಮೇಲೆ ಆ ಕುರ್ಚಿ ಎಷ್ಟು ಬೇಕು ಅಂತ ಅವರನ್ನೇ ಕೇಳಿ.

ಇನ್ನೊಂದು, ಸೆಕ್ಷನ್ 8 ಅಂದರೆ ಹೆಸರಿನಲ್ಲಿ ಫೌಂಡೇಶನ್, ಅಸೋಸಿಯೇಷನ್, ಫೋರಂ, ಕೌನ್ಸಿಲ್ ಇಂಥದ್ದೊಂದು ಇರಲೇಬೇಕು. ಹೆಸರು ಖಾಲಿ ಇದೆಯಾ ಅಂತ ನೋಡಿ ಮೊದಲು ಕಾದಿರಿಸಿ. ನಿರ್ದೇಶಕರಾಗುವವರ ಡಿಜಿಟಲ್ ಸಹಿ ಮಾಡಿಸಿ.

ಸೋದರಮಾವ
ಹೆಸರು ಬೇರೆ ಇದೆಯಾ! ಉದ್ಯಮಿ ತಮ್ಮ ತಾಯಿಯ ಹೆಸರು ಅಂತಾರೆ, ಅಕ್ಕ ಮಗಳ ಹೆಸರು ಅಂತಾಳೆ, ಆಂಧ್ರದವರು ತೆಲುಗು ಹೆಸರು ಅಂತಾರೆ.

ಕಾಫಿ_ಕುಡುಕ
ನಿವೃತ್ತ ಅಧಿಕಾರಿಯನ್ನು ಕೇಳಿ. ಅವರೇ ಒಂದು ಸಮಿತಿ ರಚಿಸುತ್ತಾರೆ.

ಸೋದರಮಾವ
ಆಗಲೇ ರಚಿಸಿದ್ದಾರೆ ಗುರು. ಹೆಸರಿನ ಜಗಳಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಎಲ್ಲರೂ ಅಲ್ಲಿಗೆ ಬನ್ನಿ.